ಪಕ್ಕೆ ಹರಿದ ಅಂಗಿ

ಸುನಾವರನ ಅಪ್ಪನಿಗೆ,

ನಿಮ್ಮ ಅಂಗಿಯನ್ನು ಇವತ್ತು ತೊಳೆದುಬಿಟ್ಟೆ. ಕುಡುಗೋಲು ಹಿಡಿದು ಸೇಡಿಗೆ ಹೋದ ನೀವು ಹೆಣವಾಗಿ ಬಂದ ದಿನದಿಂದ ನಿಮ್ಮಮ್ಮ ಅದನ್ನು ರಕ್ತದ ಸಮೇತ ಪೆಟ್ಟಿಗೆಯಲ್ಲಿಟ್ಟು ಕಾದಿದ್ದರು. ಮಗನಿಗೆ ಈಗ ಹದಿನೇಳು. ಬೆಳಿಗ್ಗೆ ಅವನ ಮುಂದೆ ಹರವಿ, “ಕೊಂದೋನು ಜೈಲಿಂದ ಬಂದಿದಾನೆ. ಇನ್ನು ನಿನ್ ಕೆಲ್ಸ,” ಎಂದರು. ನಾನು ಕಿತ್ತುಕೊಂಡು ಬಾವಿಕಟ್ಟೆಗೆ ಹೋದೆ.

“ನೀನು ತೊಳೀತಿರೋದು ರಕ್ತ ಅಲ್ಲ, ಮದುರಾ ಮನೆತನದ ಗಂಡಸಿನ ಮಾನ,” ಎಂದು ಬೆನ್ನಹಿಂದೆಯೇ ಬಂದರು.

“ಮಾನಕ್ಕೆ ಒಂದಿಡೀ ಸೋಪು ಸವೀತು, ಅತ್ತೆ.”

ಐದು ಹೊತ್ತು ನಮಾಜು ತಪ್ಪದ ಮನೆ ಇದು. ಆ ಪೆಟ್ಟಿಗೆಯ ಮುಂದೆ ಮಾತ್ರ ಯಾರೂ ದೇವರ ಹೆಸರೆತ್ತುವುದಿಲ್ಲ. ಅವರು ನಿಮಗೂ ನಿಮ್ಮಪ್ಪನ ಅಂಗಿ ಹೀಗೇ ತೋರಿಸಿದಾಗ, ನಾನು ಅಲ್ಲೇ ಕೂತು ಈ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ.

ಮಧ್ಯಾಹ್ನ ಸುನಾವರ ಅದನ್ನು ಬೇಲಿಯಿಂದ ತೆಗೆದು ತೊಟ್ಟ. “ಅಮ್ಮ, ನಂಗೆ ಸರಿಯಾಗಿದೆ,” ಎಂದು ಶುಕ್ರವಾರದ ನಮಾಜಿಗೆ ಹೊರಟ. ಆ ಮನುಷ್ಯನೂ ಅದೇ ಮಸೀದಿಗೆ ಬರುತ್ತಾನೆ.

“ಪಕ್ಕೆ ಹರಿದಿದೆ, ಹೊಲಿದು ಕೊಡ್ತೀನಿ, ನಿಲ್ಲು,” ಎಂದೆ.

ನಿಂತ. ಜನ ಮಸೀದಿಯಿಂದ ಮನೆಗೆ ಮರಳುವವರೆಗೂ ನಾನು ಹೊಲಿಯುತ್ತಲೇ ಇದ್ದೆ.