ರಬ್ಬರಿನದ್ದೂ ಲೆಕ್ಕವೇ?

ಏಪ್ರಿಲ್ 28, ಸೋಮವಾರ. ಬೆಳಿಗ್ಗೆ 8.40

ಶಾಲೆಯ ಹೊರಗೆ, ಟ್ರಕ್ಕಿನಲ್ಲೇ ಕೂತಿದ್ದೇನೆ. ಎಂಜಿನ್ ಚಾಲೂ ಮಾಡುವ ಶಕ್ತಿಯೂ ಇಲ್ಲ. ಮಗಳು ಹ್ಯಾಟಿಯನ್ನು ಬಿಟ್ಟು ಬಂದೆ... ಬಿಟ್ಟದ್ದೇನು ಬಂತು, ಕಿತ್ತು ಕೊಟ್ಟು ಬಂದೆ. ಕುತ್ತಿಗೆಗೆ ಜೋತುಬಿದ್ದವಳ ಬೆರಳು ಬಿಡಿಸಿದ್ದು ಅವಳ ಟೀಚರ್ ಮಿಸ್ ಲಿಬ್ಬಿ. ಐದು ವರ್ಷದ ಕೂಸಿಗೆ ಅದೆಲ್ಲಿಂದ ಬರುತ್ತದೋ ಇಷ್ಟು ಬಲ.

ಮನೆಯಲ್ಲೂ ಅದೇ ರಂಪ. ಅವಳಪ್ಪ ವೆಂಡೆಲ್ ಬೂಟು ಹಾಕಿಕೊಂಡದ್ದೇ ತಡ, ಶುರು. ದೋಣಿಗಲ್ಲ, ಅಂಗಳದಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನು ರಿಪೇರಿಗೆ ಹೊರಟಿದ್ದ ಪಾಪ. ಅವನ ಊಟದ ಡಬ್ಬಿ ತೆಗೆದು, ಸ್ಯಾಂಡ್‌ವಿಚ್ ಎಲ್ಲ ನೆಲಕ್ಕೆ ಸುರಿದು, ಒಳಗೆ ಕೈಯಾಡಿಸಿ ನೋಡಿದಳು. ದಿನಾ ನೋಡುತ್ತಾಳೆ. ಏನೇ ಅದು, ಅಂದರೆ ಕಿರುಚುತ್ತಾಳೆ.

ನವೆಂಬರಿನಲ್ಲಿ ಬೋನಿನ ಹಗ್ಗ ಕಾಲಿಗೆ ಸುತ್ತಿ ವೆಂಡೆಲ್‌ನನ್ನು ನೀರಿಗೆ ಎಳೆದುಕೊಂಡು ಹೋದಾಗಿನಿಂದ ಹೀಗೆ. ದೋಣಿಯಲ್ಲಿ ಜೊತೆಗಿದ್ದ ಮಾವ ಮೇಲಕ್ಕೆ ಎಳೆದು ಹಾಕದಿದ್ದರೆ... ಬೇಡ. ಮುರಿದ ಕಾಲಿನ ಮೂಳೆ ಕೂಡಿದೆ. ಮೇ ಮಧ್ಯದಲ್ಲಿ ಅವನು ಸಮುದ್ರಕ್ಕೆ ಹೋಗಲೇಬೇಕು. ಇವಳನ್ನು ಈ ಸ್ಥಿತಿಯಲ್ಲಿ ಬಿಟ್ಟು ಹೋದರೆ ಇವಳು ಏನಾಗುತ್ತಾಳೆ?

ಏಪ್ರಿಲ್ 29

ಶಾಲೆಯಿಂದ ಫೋನು. ಕಚ್ಚಿದ್ದಾಳೆ. ಹಟ್ಟಿಯ ಪ್ರಾಣಿಗಳ ಹಾಡು ಹೇಳಿಸುತ್ತಿದ್ದರಂತೆ. ಹಂದಿಯ ಮುಖವಾಡ ಹಾಕಿದ್ದ ಹುಡುಗಿಯ ತೋಳಿಗೆ ಬಾಯಿ ಹಾಕಿದ್ದಾಳೆ. ಮಿಸ್ ಲಿಬ್ಬಿ ಒಂದು ಹಾಳೆ ಕೊಟ್ಟು ಕಳಿಸಿದರು. ಆರು ಮುಖ — ಖುಷಿ, ಸಿಟ್ಟು, ಭಯ, ಇತ್ಯಾದಿ. ಫ್ರಿಜ್ಜಿಗೆ ಅಂಟಿಸಬೇಕು, ಮಗು ತನಗೆ ಈಗ ಏನನ್ನಿಸುತ್ತಿದೆಯೋ ಆ ಮುಖದ ಚಿತ್ರದ ಮೇಲೆ ಆಯಸ್ಕಾಂತ ಇಡಬೇಕು. ಸಿಟ್ಟು ಬಂದಾಗ ಬಿಸಿ ಕೋಕೋ ಊದಿದ ಹಾಗೆ ಉಸಿರು ಬಿಡಬೇಕು.

ರಾತ್ರಿಯೂಟದಲ್ಲಿ ಮಾವನಿಗೆ ಹೇಳಿದೆ. ಹಂದಿಯ ಮುಖವಾಡ ಅಂದೆ ನೋಡಿ, ಫೋರ್ಕ್ ಕೆಳಗಿಟ್ಟರು.

"ಆ ಹೆಸರು ಎತ್ತಬೇಡ ರೋಡಾ. ದೋಣಿ ನೀರಿಗೆ ಇಳಿಯೋ ಹೊತ್ತು."

"ಮತ್ತೇನನ್ಲಿ ಮಾವ?"

"ಸುರುಳಿಬಾಲ ಅನ್ನು. ಎಲ್ರೂ ಅನ್ನಲ್ವಾ."

ಈ ಬಂದರಿನ ಗಂಡಸರೆಲ್ಲ ಹೀಗೇ. ಬಿರುಗಾಳಿಗೆ ಹೆದರದವರು ಆ ಒಂದು ಪದಕ್ಕೆ ಹೆದರುತ್ತಾರೆ. ದೋಣಿಯಲ್ಲಿ ಅದರ ಹೆಸರಿಲ್ಲ, ಮಾಂಸವಿಲ್ಲ, ಚಿತ್ರವೂ ಇಲ್ಲ.

ಆರು ಮುಖಗಳನ್ನು ನೋಡಿ, "ನಮ್ ಕಾಲದಲ್ಲಿ ಒಂದೇ ಮುಖ ಇತ್ತಪ್ಪ," ಎಂದರು. ಹೌದು, ಅದನ್ನೇ ಇವತ್ತಿಗೂ ಹಾಕಿಕೊಂಡಿದ್ದಾರೆ.

ಮೇ 2

ಹ್ಯಾಟಿ ದಿನಾ ಖುಷಿಯ ಮೇಲೇ ಆಯಸ್ಕಾಂತ ಇಡುತ್ತಾಳೆ. ಇಟ್ಟು, ಕುರ್ಚಿ ಒದೆಯುತ್ತಾಳೆ. ಅದೇ ಸರಿಯುತ್ತರ ಅಂದುಕೊಂಡಿದ್ದಾಳೆ. ಕೋಕೋ ಊದು ಅಂದೆ. ಉಗುಳಿದಳು. ನಾನೂ ಕೂಗಿದೆ. ಆಮೇಲೆ ಬಚ್ಚಲಿನಲ್ಲಿ ಕೂತು ನಾನೇ ಊದಿದೆ. ಏನೂ ಆಗಲಿಲ್ಲ.

ಮೇ 4, ಭಾನುವಾರ. ಮಧ್ಯಾಹ್ನ

ಕೈಯೆಲ್ಲ ಏಡಿ ವಾಸನೆ. ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಏಡಿಯ ಚಿಪ್ಪು ಒಡೆದು ಮಾಂಸ ಬಿಡಿಸುತ್ತಿದ್ದೆ. ಹ್ಯಾಟಿ ಮೇಜಿನ ಕೆಳಗೆ, ನನ್ನ ಕಾಲಿಗೆ ಒರಗಿ ಕೂತಿದ್ದಳು. ಏನೂ ಕೇಳಲಿಲ್ಲ ನಾನು. ಕೇಳಿ ಕೇಳಿ ಸುಸ್ತಾಗಿತ್ತು, ಅಷ್ಟೇ. ಬಹಳ ಹೊತ್ತಾದ ಮೇಲೆ ಕೆಳಗಿನಿಂದ:

"ಅಮ್ಮ... ಸಣ್ಣದು, ರಬ್ಬರಿಂದು. ಅದೂ ಲೆಕ್ಕಕ್ಕೆ ಬರತ್ತಾ?"

"ಏನು ಮಗಳೇ?"

"ಸುರುಳಿಬಾಲ."

ಒಂದೊಂದಾಗಿ ಹೊರಬಂತು. ನವೆಂಬರಿನಲ್ಲಿ, ಆವತ್ತು ಬೆಳಿಗ್ಗೆ, ಅಪ್ಪನಿಗೆ ಜೊತೆಗಿರಲಿ ಎಂದು ತನ್ನ ಗುಲಾಬಿ ಹಂದಿಯನ್ನು ಊಟದ ಡಬ್ಬಿಯಲ್ಲಿ ಇಟ್ಟಿದ್ದಳು. ಸಂಜೆ ವೆಂಡೆಲ್ ಆಸ್ಪತ್ರೆಯಲ್ಲಿ. ಮಾವ ನಮ್ಮ ಅಡುಗೆಮನೆಯಲ್ಲಿ ಹೇಳಿದ್ದರು, "ದೋಣಿಗೆ ಸುರುಳಿಬಾಲ ಹತ್ತಿತ್ತು ಅನ್ಸತ್ತೆ." ಎಂಜಿನ್ ಕೆಮ್ಮಿದರೂ ಇಲ್ಲಿ ಎಲ್ಲರೂ ಅನ್ನುವ ಮಾತು. ಹಾಗಂದರೇನು ಎಂದು ಅಜ್ಜನನ್ನೇ ಕೇಳಿದ್ದಾಳೆ. ಹಂದಿ ಹತ್ತಿದ ದೋಣಿಗೆ ಕೇಡು ತಪ್ಪಿದ್ದಲ್ಲ ಎಂದು ಅಜ್ಜ ವಿವರಿಸಿದ್ದಾರೆ. ಇವಳು ಮರಳಿ ಬಂದ ಡಬ್ಬಿಯಿಂದ ಹಂದಿ ತೆಗೆದು, ಕೈಗವಸಿನೊಳಗೆ ತುರುಕಿ, ಮೆಟ್ಟಿಲ ಕೆಳಗೆ ಹೂತಿದ್ದಾಳೆ.

ಚಳಿಗಾಲವಿಡೀ ನನ್ನ ಮಗು ಅಪ್ಪನನ್ನು ಕೊಲ್ಲಲು ಹೋದವಳು ತಾನು ಎಂದುಕೊಂಡು ಮಲಗಿ ಎದ್ದಿದೆ. ನಾನು ಫ್ರಿಜ್ಜಿಗೆ ಮುಖ ಅಂಟಿಸುತ್ತಿದ್ದೆ.

ಮೇಜಿನ ಕೆಳಗೇ ತೂರಿ ಕೂತೆ. ಇಬ್ಬರೂ ಅತ್ತೆವು.

ಮೇ 5

ವೆಂಡೆಲ್ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಗ್ಗ ನೆಲಕ್ಕೆ ಹಾಕಿ ತೋರಿಸಿದ. "ನೋಡು, ಈ ಸುತ್ತಿನೊಳಗೆ ನಾನೇ ಕಾಲಿಟ್ಟೆ. ತಪ್ಪು ನಂದು. ನಿನ್ ಹಂದೀದಲ್ಲ." ಪದ ಹೇಳಿಯೇಬಿಟ್ಟ, ಪುಣ್ಯಾತ್ಮ.

"ಆದ್ರೆ ಅಜ್ಜ ಹೇಳಿದ್ರು," ಎಂದಳು. ಮುಗಿಯಿತು. ಅಜ್ಜ ಹೇಳಿದರೆ ಹೇಳಿದಂತೆ.

ಸಂಜೆ ಮಾವನಿಗೆ ಎಲ್ಲ ಹೇಳಿದೆ. ಪಕ್ಕನೆ ನಗುತ್ತಾರೆ ಎಂದುಕೊಂಡಿದ್ದೆ. ಮುಖ ಬಿಳಿಚಿತು.

"ದೋಣೀಲಿ ಇತ್ತಾ ಅದು? ಆವತ್ತು?"

"ಮಾವ, ಅದು ಆಟದ ಸಾಮಾನು!"

"ಇತ್ತಾ ಇಲ್ವಾ?"

ಬಾಗಿಲಲ್ಲಿ ಹ್ಯಾಟಿ ನಿಂತಿದ್ದಳು. ಮಾವ ಟೋಪಿ ತೆಗೆದುಕೊಂಡು ಹೊರಟೇ ಹೋದರು. ಹಿಂದೆ ಓಡಿ ಹೋಗಿ ಬಾಯಿಗೆ ಬಂದದ್ದೆಲ್ಲ ಅಂದೆ. ತಿರುಗಿ ನೋಡಲಿಲ್ಲ ಆ ಮನುಷ್ಯ.

ಮೇ 11, ಭಾನುವಾರ

ತಾಯಂದಿರ ದಿನ. ಹ್ಯಾಟಿ ಸುಟ್ಟ ಟೋಸ್ಟ್ ತಂದುಕೊಟ್ಟಳು. ತಿಂದೆ. ಮಾವ ಅಂದಿನಿಂದ ಊಟಕ್ಕೆ ಬಂದಿಲ್ಲ. ಹ್ಯಾಟಿ ಈಗ ಕಿರುಚುವುದಿಲ್ಲ, ಅದೇ ಹೆದರಿಕೆ ನನಗೆ. ಆಯಸ್ಕಾಂತ ಭಯದ ಮೇಲಿದೆ. ಮೊದಲ ಸಲ ನಿಜ ಹೇಳಿದ್ದಾಳೆ. ನಾನು ಪಕ್ಕದಲ್ಲೇ ನನ್ನದೂ ಒಂದು ಇಟ್ಟೆ. ವೆಂಡೆಲ್ ಬಂದು ನೋಡಿ, ಆಯಸ್ಕಾಂತವಿರುವ ಬಾಟಲಿ ಓಪನರ್ ತಂದು ಅಲ್ಲೇ ಒತ್ತಿದ.

ಮೇ 12

ಮೆಟ್ಟಿಲ ಕೆಳಗಿಂದ ತೆಗೆದು ಕಪಾಟಿನಲ್ಲಿಟ್ಟಿದ್ದ ಹಂದಿ ಕಾಣುತ್ತಿಲ್ಲ. ನಾನಿಲ್ಲದಾಗ ಮಾವ ಬಂದು ಹೋದರಂತೆ. ಸಮುದ್ರಕ್ಕೆ ಎಸೆದಿದ್ದರೆ ಈ ಜನ್ಮದಲ್ಲಿ ಅವರನ್ನು ಮಾತಾಡಿಸುವುದಿಲ್ಲ. ನಾಳೆ ಈ ವರ್ಷದ ಮೊದಲ ಬೋನು ನೀರಿಗೆ.

ಮೇ 13, ಮಂಗಳವಾರ. ಬೆಳಿಗ್ಗೆ 6.30

ಬಂದರಿನಿಂದ ಈಗ ಬಂದೆವು.

ಹ್ಯಾಟಿಯನ್ನು ಎತ್ತಿಕೊಂಡೇ ಹೋಗಿದ್ದೆ. ವೆಂಡೆಲ್ ಬೋನು ಜೋಡಿಸುತ್ತಿದ್ದ, ಮಾವ ದೋಣಿಯ ಕ್ಯಾಬಿನ್ನಿನಲ್ಲಿದ್ದರು. ಗಾಜಿನ ಹಿಂದೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ, ತೊಳೆದು ಫಳಫಳ ಮಾಡಿದ ಗುಲಾಬಿ ಹಂದಿ, ದಾರದಲ್ಲಿ ಬಿಗಿದದ್ದು. ಪಕ್ಕದ ದೋಣಿಯ ಮೆರ್ಲ್ ನೋಡಿದ.

"ಆಲ್ಡನ್, ತಲೆಗಿಲೆ ಕೆಟ್ಟಿದ್ಯೇನೋ? ಏನೋ ಅದು?"

"ಹಂದಿ," ಎಂದರು ಮಾವ. ಇನ್ನೊಮ್ಮೆ ಕೂಗಿದರು, ಇಡೀ ಬಂದರಿಗೆ ಕೇಳುವ ಹಾಗೆ. "ಹಂದಿ ಕಣಯ್ಯಾ! ನನ್ ಮೊಮ್ಮಗಳದ್ದು!"

ಮೆರ್ಲ್ ದೋಣಿಯನ್ನು ಎರಡು ಮಾರು ದೂರ ಸರಿಸಿಕೊಂಡ.

ಮಾವ ದಡಕ್ಕೆ ಹತ್ತಿ ಬಂದು, ನಾನು ಕೆಳಗಿಳಿಸಿದ ಹ್ಯಾಟಿಯ ಮುಂದೆ ಮಂಡಿಯೂರಿದರು. "ನಂಗೆ ಹೆದ್ರಿಕೆ ಮಗು. ನಿನ್ನಪ್ಪ ಮುಳುಗಿದ್ನಲ್ಲ, ಆಗ ಬಂದ ಹೆದ್ರಿಕೆ ಇನ್ನೂ ಹೋಗಿಲ್ಲ. ನೀರಿನ್ ಮೇಲೆ ಸಿಟ್ಟು ಮಾಡೋಕಾಗಲ್ಲ ಅಂತ ಸುಮ್ನೆ ಹಂದಿ ಮೇಲೆ ಹಾಕಿದೆ. ನಿಂದೇನೂ ತಪ್ಪಿಲ್ಲ. ಅದು ಬರ್ಲಿ ನಮ್ ಜೊತೆ. ಕಳಿಸ್ತೀಯಾ?"

ಹ್ಯಾಟಿ ಗಾಜಿನ ಹಿಂದಿನ ಹಂದಿಯತ್ತ ನೋಡಿದಳು. "ವಾಪಸ್ ತರ್ಬೇಕು," ಎಂದಳು.

"ತರ್ತೀವಿ."

ಅಳದೆ ಕೈ ಬೀಸಿದಳು. ಅತ್ತದ್ದು ನಾನು.

ಮಧ್ಯಾಹ್ನ 3.10

ಮಂಜು ಕವಿದಿದೆ. ಮೆರ್ಲ್ ಬಂದಾಯಿತು. ಎಲ್ಲ ಬಂದರು. ನಮ್ಮದಿಲ್ಲ. ರೇಡಿಯೋದಲ್ಲಿ ಬರೀ ಗರಗರ. ನನಗೂ ಅದೇ ಯೋಚನೆ ಬಂತು — ಹಂದಿ. ಥೂ, ನನಗೂ! ಏಡಿ ಬಿಡಿಸಲು ಕೂತವಳು ಎದ್ದು ಬಂದು ಬರೆಯುತ್ತಿದ್ದೇನೆ.

ಹ್ಯಾಟಿ ಕಿಟಕಿಯ ಹತ್ತಿರ ಕುರ್ಚಿ ಹಾಕಿ ನಿಂತಿದ್ದಳು. ಇಳಿದು ಬಂದಳು. ಬೆಳಿಗ್ಗೆ ನಾನು ಖುಷಿಯ ಮೇಲೆ ಸರಿಸಿದ್ದ ನನ್ನ ಆಯಸ್ಕಾಂತ ತೆಗೆದು ಮತ್ತೆ ಭಯದ ಮೇಲೆ ತಾನೇ ಇಟ್ಟಳು. ಎರಡೂ ಕೈ ಜೋಡಿಸಿ, ಬಟ್ಟಲಿನ ಹಾಗೆ, ನನ್ನ ಮುಖದ ಕೆಳಗೆ ಹಿಡಿದಳು.

"ಊದು ಅಮ್ಮ. ಬಿಸಿ ಇದೆ."

ಊದಿದೆ. ಇನ್ನೊಂದ್ಸಲ, ಎಂದಳು. ಊದಿದೆ.

ಮತ್ತೆ ಕುರ್ಚಿ ಹತ್ತಿದ್ದಾಳೆ. ಏನೋ ಕಂಡಿತಂತೆ. ಮಂಜಿನಲ್ಲಿ ಬಿಳಿಯದ್ದು... ಎಂಜಿನ್ ಸದ್ದು ನನಗೂ ಕೇಳುತ್ತಿದೆ. ಗಾಜಿನ ಹಿಂದೆ ಗುಲಾಬಿ ಇದೆ ಅಮ್ಮ, ಗುಲಾಬಿ, ಪೆನ್ನು ಇಡು, ಬಾ ಅಂತ ಕೈ ಎಳೆ—