ಬಾಲ್ಕನಿಯಲ್ಲಿಟ್ಟ ಕಟ್ಟು

ಜೂನ್ 16, ಸೋಮವಾರ. ಮಸ್ಕತ್

ಸ್ನಾನ, ಜಪ, ಕಾಫಿ. ಇಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬರುವುದು ಬಿಸಿನೀರೇ. ಮಗಳು ಶುಭಶ್ರೀ ಆಸ್ಪತ್ರೆಯ ಡ್ಯೂಟಿಗೆ ಹೋದಳು. ಚೀಲ ಬಿಚ್ಚಿದೆ. ಹಪ್ಪಳ ಪುಡಿಯಾಗಿಲ್ಲ, ಪುಣ್ಯ.

ಮೂಸಾ ಕೊಟ್ಟ ಕಟ್ಟೂ ಇದೆ. ವಿಟ್ಲದಲ್ಲಿ ನಮ್ಮ ಪಕ್ಕದ ಮನೆಯವನು. ಅವನ ಮಗ ಉನೈಸ್ ಇಲ್ಲಿ ಡ್ರೈವರ್. ಹಿಂದೆ ನನ್ನಲ್ಲಿಗೆ ಗಣಿತದ ಟ್ಯೂಷನ್‌ಗೆ ಬರುತ್ತಿದ್ದ. ಗಲ್ಫಿಗೆ ಹೊರಟವರ ಚೀಲದಲ್ಲಿ ಊರವರ ಕಟ್ಟು ಇರಲೇಬೇಕು, ಒಲ್ಲೆ ಎನ್ನಲಾಗದು. "ಅವನ ಉಮ್ಮ ಮಾಡಿದ್ದು ಸರ್. ಹೋದ ಕೂಡಲೇ ಫ್ರಿಜ್ಜಲ್ಲಿಡಿ" ಎಂದಿದ್ದ ಮೂಸಾ.

ಫ್ರಿಜ್ಜಿನಲ್ಲಿ ನಮ್ಮ ಹಾಲು, ಮೊಸರು... ಒಳಗೆ ಏನು ಮಾಂಸವೋ ಏನೋ. ಕೇಳಲು ಸಂಕೋಚವಾಗಿತ್ತು. ಬಾಲ್ಕನಿಯಲ್ಲಿಟ್ಟೆ.

ಜೂನ್ 18, ಬುಧವಾರ

ಉನೈಸ್ ಫೋನ್ ಮಾಡಿದ. ಶುಕ್ರವಾರ ಮಾತ್ರ ರಜೆಯಂತೆ. "ಸರ್‌ಗೆ ಊರು ತೋರಿಸ್ತೇನೆ. ಕಟ್ಟನ್ನೂ ಆಗಲೇ ತಗೊಳ್ತೇನೆ."

ನಲವತ್ತನಾಲ್ಕು ಡಿಗ್ರಿ. "ಅದನ್ನು ಒಳಗಿಡುವ ಅಪ್ಪ" ಎಂದಳು ಶುಭಶ್ರೀ. ಬೇಡ ಎಂದೆ.

ಜೂನ್ 20, ಶುಕ್ರವಾರ, ಸಂಜೆ

ಎಂಥ ದರಿದ್ರ ತಿರುಗಾಟ. ದೊಡ್ಡ ಮಸೀದಿ — ಶುಕ್ರವಾರ ಹೊರಗಿನವರಿಗೆ ಪ್ರವೇಶವಿಲ್ಲ. ಹಳೇ ಪೇಟೆ — ಶಟರ್ ಎಳೆದಿತ್ತು. ಕೋಟೆ — ರಿಪೇರಿ. ಕಡಲ ಬದಿ ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಚಪ್ಪಲಿಯೊಳಗೇ ಅಂಗಾಲು ಸುಟ್ಟಿತು. ರೇಗಿಬಿಟ್ಟೆ. ಹಿಂದೆ ಟ್ಯೂಷನ್‌ನಲ್ಲಿ ಬೋರ್ಡಿನೆದುರು ನಿಲ್ಲಿಸಿ ಬೈಯುತ್ತಿದ್ದ ಹಾಗೆಯೇ ಬೈದೆ. "ಮೊದಲೇ ವಿಚಾರಿಸಬಾರದಾ? ಆಗಲೂ ನೀನು ಹೀಗೇ!"

"ತಪ್ಪಾಯ್ತು ಸರ್. ಬೇರೆ ದಿನ ನನಗೆ ರಜೆ ಇಲ್ಲ" ಎಂದ.

ಮಧ್ಯಾಹ್ನ ನನಗಾಗಿ ಸಸ್ಯಾಹಾರಿ ಹೋಟೆಲ್ ಹುಡುಕುತ್ತ ಮುಕ್ಕಾಲು ಗಂಟೆ ಕಾರು ಸುತ್ತಿಸಿದ. ಅವನ ಶುಕ್ರವಾರದ ನಮಾಜು ತಪ್ಪಿತು. ಅದು ನನಗೆ ಹೊಳೆದದ್ದು ಈಗ, ಬರೆಯುವಾಗ.

ವಾಪಸ್ ಬಂದ ಮೇಲೆ ಕಟ್ಟು ಕೊಟ್ಟೆ. ಪಾರ್ಕಿಂಗಿನಲ್ಲೇ ಬಿಚ್ಚಿದ. ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಸಿಹಿ ಕಡುಬು, ಹಲಸಿನ ಹಣ್ಣಿನ ಗಟ್ಟಿ. ಹುಳಿನಾತ. ಮೇಲೆಲ್ಲ ಬಿಳಿ ಬೂಸ್ಟು. ಜೊತೆಗೊಂದು ಚೀಟಿ. ಅವನೇ ಓದಿದ — "ತರುವುದು ಸರ್ ಅಲ್ಲವಾ, ಮೀನು ಮಾಂಸ ಏನೂ ಇಟ್ಟಿಲ್ಲ. ಹೊಸ ಪಾತ್ರೆಯಲ್ಲಿ ಬೇಯಿಸಿದ್ದು. ಸರ್‌ಗೂ ಎರಡು ಕೊಡು."

"ವಿಮಾನ ಲೇಟಾಯಿತು, ಅದಕ್ಕೇ..." ಎಂದೆ. ಸುಳ್ಳು.

"ಪರವಾಗಿಲ್ಲ ಸರ್. ಬಿಸಿಲಲ್ವಾ."

ಉಮ್ಮನ ಕೈಯಡುಗೆ ತಿನ್ನದೆ ಮೂರು ವರ್ಷವಾಯಿತಂತೆ. ಬಿಸಾಡಲಿಲ್ಲ. ಮತ್ತೆ ಕಟ್ಟಿ ಪಕ್ಕದ ಸೀಟಿನಲ್ಲಿಟ್ಟುಕೊಂಡು ಹೋದ.

ಜೂನ್ 21, ಶನಿವಾರ

ಊಟ ಸೇರಲಿಲ್ಲ. ಶುಭಶ್ರೀ ಬಾಲ್ಕನಿಯ ನೆಲ ಒರೆಸಿ ಡ್ಯೂಟಿಗೆ ಹೋದಳು. ಬೈದಿದ್ದರೆ ಹಗುರವಾಗುತ್ತಿತ್ತು.

ಜುಲೈ 3, ಗುರುವಾರ. ವಿಟ್ಲ

ನಿನ್ನೆ ಬಂದೆ. ಬೆಳಿಗ್ಗೆ ಮೂಸಾ ಗೇಟಿನ ಹತ್ತಿರವೇ ಹಿಡಿದ. ಮುಖ ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

"ಒಂದೂ ಬಿಡದೆ ತಿಂದನಂತೆ ಸರ್! ಸರ್ ಫ್ರಿಜ್ಜಲ್ಲಿಟ್ಟು ಜಾಗ್ರತೆ ಮಾಡಿ ಕೊಟ್ರು ಅಂತ ಹೇಳಿದ. ಇವಳಿಗೆ ಎಷ್ಟು ಖುಷಿ ಗೊತ್ತುಂಟಾ!"

ನನ್ನ ಮಾನ ಉಳಿಸಲು ಅವನು ತಾಯಿಗೆ ಸುಳ್ಳು ಹೇಳಿದ್ದಾನೆ. ನಿಜ ನಾಲಿಗೆಯ ತುದಿಗೆ ಬಂದಿತ್ತು. "ಹೌದು ಮೂಸಾ" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು. ಥೂ.

ಜುಲೈ 4, ಶುಕ್ರವಾರ, ಬೆಳಿಗ್ಗೆ 11

ಉನೈಸ್‌ಗೆ ರಜೆ. ಧೈರ್ಯ ಮಾಡಿ ಫೋನ್ ಮಾಡಿದೆ.

"ಚಾ ಆಯ್ತಾ ಸರ್?"

"ಉನೈಸ್, ವಿಮಾನ ಲೇಟಾಗಿರಲಿಲ್ಲ. ಆ ಕಟ್ಟನ್ನು ನಾನು ಹೊರಗೆ..."

"ಗೊತ್ತುಂಟು ಸರ್. ಕೈಗೆ ಕೊಡುವಾಗಲೇ ಕಟ್ಟು ಬಿಸಿಲಿಗೆ ಕಾದಿತ್ತು."

"ಮತ್ತೆ ಯಾಕೆ ಏನೂ ಹೇಳಲಿಲ್ಲ ಮಾರಾಯ?"

ನಕ್ಕ. ಕುಹಕವಿಲ್ಲದ ನಗು. "ಎಂಥ ಹೇಳುವುದು ಸರ್? ಶಾಲೆಯಿಂದ ಸೀದಾ ಟ್ಯೂಷನ್‌ಗೆ ಬರುವಾಗಲೂ ನನ್ನ ಬುತ್ತಿ ಮೆಟ್ಟಿಲಿನ ಕೆಳಗೇ ಇಡಿಸ್ತಿದ್ರಲ್ಲ ನೀವು. ಮಳೆಗೆ ಒಮ್ಮೊಮ್ಮೆ ಒದ್ದೆ ಆಗ್ತಿತ್ತು, ಅಷ್ಟೇ."

ನನಗೆ ಅದರ ನೆನಪೇ ಇಲ್ಲ. ನಾಲ್ಕು ವರ್ಷ ದಿನಾ ಸಂಜೆ ಬರುತ್ತಿದ್ದ. ನಾನೇ ಇಡಿಸುತ್ತಿದ್ದೆನಂತೆ, ನನಗೆ ನೆನಪೇ —