ಲೋರಾಂಡನಿಗೆ ಒಲೆ ಹಚ್ಚುವ ವಿಧಾನ

ಸೋಲ್ನೋಕ್
೧೪ ನವೆಂಬರ್ ೨೦೧೪, ಶುಕ್ರವಾರ

ಲೋರಾಂಡ್,

ನೀನೂ ನಿನ್ನ ಹೊಸ ಹೆಂಡತಿ ಕಿಂಗಾಳೂ ಜೀವಂತವಾಗಿದ್ದೀರೆಂದು ನಿನ್ನೆ ಸಂಜೆ ಖಚಿತವಾದ ಮೇಲೆ ಈ ಪತ್ರಕ್ಕೆ ಕೂತಿದ್ದೇನೆ. ನಾನು ಕ್ಷೇಮ. ನಿನ್ನ ನಾಮದಿನ, ನಿನ್ನ ಹೆಸರಿಗೆ ಪಂಚಾಂಗದಲ್ಲಿರುವ ಹಬ್ಬ, ಜನವರಿಯಲ್ಲಿ. ಶುಭಾಶಯವನ್ನು ಈಗಲೇ ಹೇಳಿಬಿಡುತ್ತೇನೆ. ಹೋದ ವಾರವಾದರೆ ಹೇಳುತ್ತಿರಲಿಲ್ಲ, ದಂಡವಾದೀತೆಂಬ ಅನುಮಾನವಿತ್ತು.

ಉತ್ತರ ತಡವಾಯಿತು, ಕ್ಷಮಿಸು. ಹೀಗೆ ಬರೆಯುವುದು ಪದ್ಧತಿ, ಅದಕ್ಕೆ ಬರೆದೆ. ನಿನ್ನ ಪತ್ರ ನಾಲ್ಕನೇ ತಾರೀಖು ಮಂಗಳವಾರ ನನಗೆ ತಲುಪಿತ್ತು. ಆಮೇಲೆ ಒಂಬತ್ತು ದಿನ ನಾನು ಸುಮ್ಮನಿದ್ದೆ. ಅಂಚೆಯವನ ತಪ್ಪಿಲ್ಲ, ನನಗೆ ಕಾಯಿಲೆಯಿರಲಿಲ್ಲ, ಫೋನ್ ಕೆಟ್ಟಿರಲಿಲ್ಲ. ನೀನು ಕೇಳಿದ್ದು ವಿಧಾನ, ನಾನು ಕೊಟ್ಟದ್ದು ನಿಧಾನ.

ನೀನು ಬರೆದದ್ದು ನನ್ನ ಎದುರಿಗೇ ಇದೆ. "ವಿಲ್ಮಾ, ಬೇಜಾರು ಮಾಡ್ಕೋಬೇಡ, ಬೇರೆ ಯಾರನ್ನ ಕೇಳ್ಬೇಕೋ ಗೊತ್ತಾಗ್ಲಿಲ್ಲ. ದೊಡ್ಡ ಕೋಣೆ ಬೆಚ್ಚಗಿಡೋ ಗ್ಯಾಸ್ ಒಲೆ ನಿಲ್ತಾನೇ ಇಲ್ಲ. ಹಚ್ತೀನಿ, ಗಂಟೆಯಲ್ಲಿ ಆರುತ್ತೆ, ಮತ್ತೆ ಹಚ್ತೀನಿ. ನಿನ್ನ ಕೈಗೆ ಹೇಗೆ ಬಗ್ತಿತ್ತು ಅದು? ಹೊಸ ಕಿಟಕಿ ಹಾಕಿಸಿದೀವಿ, ಒಂದು ಎಳೆ ಗಾಳೀನೂ ಒಳಗೆ ಬರಲ್ಲ, ಆದ್ರೂ ಕಿಂಗಾಗೆ ಚಳಿ. ಇಬ್ರಿಗೂ ಅಣಬೆ ಆಗಿಬರ್ಲಿಲ್ಲ ಅನ್ಸುತ್ತೆ, ತಲೆನೋವು, ಅವಳಿಗೆ ವಾಂತಿ. ಅಂಗಳಕ್ಕೆ ಹೋಗಿ ನಿಂತ್ರೆ ಸರಿಹೋಗುತ್ತೆ."

ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ಬೆನ್ನು ಕಾಯಿಸಿಕೊಂಡವನಿಗೆ ಅದನ್ನು ಹಚ್ಚಲು ಬರುವುದಿಲ್ಲ ಎಂಬುದಕ್ಕೆ ಮೊದಲು ನಕ್ಕೆ. ಆಮೇಲೆ ಕೊನೆಯ ಸಾಲು ಓದಿದೆ. ಅಂಗಳಕ್ಕೆ ಹೋದರೆ ವಾಸಿಯಾಗುವ ತಲೆನೋವು ಅಣಬೆಯದಲ್ಲ. ಗಾಳಿ ಸಾಲದೆ ಒಲೆ ಅರೆಬರೆ ಉರಿಯುತ್ತಿದೆ, ವಾಸನೆಯಿಲ್ಲದ ಅದರ ಹೊಗೆ ಚಿಮಣಿ ಹತ್ತದೆ ಕೋಣೆಗೆ ಮರಳುತ್ತಿದೆ, ನೀವಿಬ್ಬರೂ ಅದನ್ನು ಕುಡಿಯುತ್ತಿದ್ದೀರಿ. ಒಲೆ ತಾನಾಗಿ ಆರುತ್ತಿದ್ದದ್ದೂ ಅದಕ್ಕೇ. ಮನೆಯಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೆ. ಅದು ಆರಿ ನಿಮ್ಮನ್ನು ಉಳಿಸುತ್ತಿತ್ತು, ನೀನು ಛಲ ಬಿಡದೆ ಮತ್ತೆ ಹಚ್ಚುತ್ತಿದ್ದೆ.

ಇಷ್ಟು ತಿಳಿಯಲು ನನಗೆ ಎರಡು ನಿಮಿಷ ಹಿಡಿಯಿತು. ಒಂದು ಫೋನ್ ಸಾಕಿತ್ತು. "ಒಲೆ ಆರಿಸು, ಕಿಟಕಿ ತೆಗೆ" – ನಾಲ್ಕು ಮಾತು.

ಮಂಗಳವಾರ ಕೋಸು ತಂದು ಮಾಂಸ ತುಂಬಿ ಬೇಯಿಸಿದೆ, ನಾಲ್ಕು ದಿನಕ್ಕಾಗುವಷ್ಟು. ಬುಧವಾರ ಫೋನ್ ಕೈಗೆ ತೆಗೆದುಕೊಂಡೆ. ಆಗ ನನ್ನ ಹೊಲಿಗೆಯಂತ್ರ ನೆನಪಾಯಿತು, ನಾಲ್ಕು ವರ್ಷದ ಹಿಂದೆ ನೀನೇ ಅದನ್ನು ಎತ್ತಿಕೊಂಡು ಗೇಟಿನ ಹೊರಗಿಟ್ಟು, "ಮಳೆ ಬರೋ ಹಾಗಿದೆ, ಬೇಗ ವ್ಯಾನ್ ಕರಿ" ಎಂದು ಕಾಳಜಿಯಿಂದ ಹೇಳಿದ್ದು. ಫೋನ್ ಕೆಳಗಿಟ್ಟೆ. ಗುರುವಾರ ಒಬ್ಬರ ಕೋಟಿಗೆ ಒಳಪದರ ಹೊಲಿದೆ. ಶುಕ್ರವಾರ ನಿನಗೆ ತಲೆ ಎಲ್ಲಿ ನೋಯುತ್ತಿರಬಹುದು ಎಂದು ಯೋಚಿಸಿದೆ, ಹಣೆಯಲ್ಲೋ ಹಿಂಬದಿಯಲ್ಲೋ. ಭಾನುವಾರ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಪಶ್ಚಾತ್ತಾಪ ಬರುತ್ತದೆಯೋ ಎಂದು ಕಾದೆ. ಬಂದದ್ದು ಆಕಳಿಕೆ. ನೀವು ಸಾಯಲಿ ಎಂದು ಹಾರೈಸಿದೆನೆಂದು ತಿಳಿಯಬೇಡ. ಸಾಯಬಹುದು ಎಂಬುದನ್ನು ಮಾತ್ರ ತಿಳಿದಿದ್ದೆ, ತಿಳಿದೂ ಊಟ ಮಾಡಿದೆ, ನಿದ್ದೆ ಮಾಡಿದೆ. ಚೆನ್ನಾಗಿ ನಿದ್ದೆ ಬಂತು ಲೋರಾಂಡ್, ಎಷ್ಟೋ ವರ್ಷದ ಮೇಲೆ.

ನಿನ್ನೆ ಬೆಳಿಗ್ಗೆ ನೋಯೆಮಿ ದೆಬ್ರೆತ್ಸೆನ್‌ನಿಂದ ಫೋನ್ ಮಾಡಿದಳು. ನಮ್ಮ ಮಗಳಿಗೆ ಸುದ್ದಿ ಹೇಳುವಾಗ ಪೀಠಿಕೆ ಹಾಕುವ ಅಭ್ಯಾಸವಿಲ್ಲ, ಅದು ನನ್ನ ಕಡೆಯಿಂದ ಬಂದದ್ದು.

"ಅಮ್ಮ, ಕಿಂಗಾ ಅಂಗಡೀಲಿ ತಲೆ ತಿರುಗಿ ಬಿದ್ಲಂತೆ."

"ಕಿಟಕಿ ಮಾರೋ ಅಂಗಡೀಲಿ ಗಾಳಿಗೇನು ಬರ."

"ತಮಾಷೆ ಬೇಡಮ್ಮ. ನಿಂಗೆ ಹೇಳ್ಬಾರ್ದು ಅಂತ ಅಪ್ಪ ಹೇಳಿದ್ರು. ಅವಳಿಗೀಗ ನಾಲ್ಕು ತಿಂಗಳು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಅವಳೇ ಕೇಳಿದಳು, "ಇದೀಯಾ?"

"ಇದೀನಿ. ಹೋದ ಕ್ರಿಸ್‌ಮಸ್‌ಗೆ ನೀನು ಅಪ್ಪನಿಗೆ ಒಂದು ಅಲಾರಂ ಕೊಟ್ಟಿದ್ದೆಯಲ್ಲ, ಒಲೆ ಹೊಗೆಗೆ ಕಿರುಚೋದು. ಅದೆಲ್ಲಿ?"

"ಅಕ್ಟೋಬರಲ್ಲಿ ಎರಡು ಸಲ ಕಿರುಚ್ತಂತೆ. ಬ್ಯಾಟರಿ ತೆಗೆದು ಟೀವಿ ರಿಮೋಟಿಗೆ ಹಾಕ್ಕೊಂಡಿದಾರೆ."

"ಯಾಕಂತೆ?"

"ಅಪ್ಪ ಅಂದಿದ್ದನ್ನೇ ಹೇಳ್ಲಾ? 'ನಿಮ್ಮಮ್ಮನ ಹಾಗೇ ಇದು, ಕಿರುಚುತ್ತೆ, ಯಾಕೆ ಅಂತ ಹೇಳಲ್ಲ.'"

ಅವಳಿಗೆ ಎರಡು ಮಾತಿನಲ್ಲಿ ವಿಷಯ ಹೇಳಿ, ಕಿಂಗಾ ಎಲ್ಲಿದ್ದರೂ ಆ ಮನೆಗೆ ಹೋಗಬಾರದೆಂದೆ. ಫೋನ್ ಇಟ್ಟವಳೇ ನಿಮ್ಮೂರು ತೂರ್ಕೆವೆಗೆ, ಚಿಮಣಿ ಗುಡಿಸುವ ದೇನೆಶ್‌ಗೆ ಮಾಡಿದೆ. ಮೂವತ್ತು ವರ್ಷದಿಂದ ಆ ಊರಿನ ಮಸಿಯೆಲ್ಲ ಅವನ ಕೈ ದಾಟಿಯೇ ಹೋಗಿದೆ. ಮಧ್ಯಾಹ್ನದೊಳಗೆ ಅವನು ಗ್ಯಾಸಿನವನನ್ನೂ ಕರೆದುಕೊಂಡು ನಿನ್ನ ಬಾಗಿಲು ಬಡಿದ. ಆದದ್ದು ನಿನಗೆ ಗೊತ್ತು, ಆದರೆ ಅವನ ಬಾಯಲ್ಲಿ ಕೇಳಿದರೆ ಅದಕ್ಕೊಂದು ರುಚಿಯಿದೆ. ಸಂಜೆ ಅವನು ಹೇಳಿದ್ದು ಹೀಗೆ.

"ಕಿಟಕಿ ಎಲ್ಲಾ ಮುಚ್ಸಿ, ಅಡುಗೆಮನೆ ಫ್ಯಾನ್ ಹಾಕ್ಸಿ, ಒಲೆ ಹಿಂದೆ ಕನ್ನಡಿ ಹಿಡಿದೆ. ಪೂರ್ತಿ ಮಂಜು ಕಟ್ಕೊಳ್ತು. ಫ್ಯಾನು ಗಾಳಿ ಎಳೀತಿದೆ, ಕಿಟಕಿ ಕೊಡ್ತಿಲ್ಲ, ಅದು ಚಿಮಣಿಯಿಂದ್ಲೇ ಕಿತ್ಕೋತಿದೆ. ಹೊಗೆ ಮೇಲೆ ಹೋಗದೆ ಸೀದಾ ನಿನ್ನ ಗಂಡನ ಮೂಗಿಗೆ."

"ನನ್ನ ಗಂಡ ಅಲ್ಲ."

"ಹಳೇ ಗಂಡ. ಮೂಗು ಅದೇ."

"ಯಾರು ಕಳಿಸಿದ್ದು ಅಂತ ಕೇಳ್ಲಿಲ್ವಾ?"

"ಕೇಳ್ದ. ದೇವರು ಅಂದೆ. 'ದೇವರಿಗೆ ನಮ್ಮನೆ ಒಲೆ ವಿಷಯ ಗೊತ್ತಿರಲ್ಲ, ವಿಲ್ಮಾಗೇ ಗೊತ್ತಿರೋದು' ಅಂದ. ಗ್ಯಾಸ್ ನಿಲ್ಲಿಸಿ ಮೀಟರಿಗೆ ಸೀಲು ಹಾಕುವಾಗ ಮುಖ ನೋಡ್ಬೇಕಿತ್ತು ನೀನು. 'ಎಷ್ಟು ದಿನ ಮಾರಾಯ' ಅಂತ ನಮ್ಮ ಹಿಂದೇನೇ ಗೇಟಿನವರೆಗೂ ಬಂದ, ಚಪ್ಪಲೀಲಿ."

ಕಿಂಗಾಳನ್ನು ಅಂಗಡಿಯಿಂದಲೇ ಆಸ್ಪತ್ರೆಗೆ ಕರೆದೊಯ್ದು ಆಮ್ಲಜನಕ ಕೊಟ್ಟರೆಂದೂ, ಮಗುವಿನ ಎದೆಬಡಿತ ಸರಿಯಾಗಿದೆ, ಆದರೂ ಮುಂದೆ ನೋಡುತ್ತಿರಬೇಕೆಂದು ಡಾಕ್ಟರ್ ಹೇಳಿದರೆಂದೂ ನೋಯೆಮಿ ಸಂಜೆ ತಿಳಿಸಿದಳು. ನಿನ್ನ ರಕ್ತದಲ್ಲೂ ವಿಷ ಸಿಕ್ಕಿತಂತೆ. ಅದು ಅಲ್ಲಿದೆಯೆಂದು ನನಗೆ ಮೊದಲೇ ಗೊತ್ತಿತ್ತು, ಬೇರೆ ಅರ್ಥದಲ್ಲಿ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಸೀಲು ತೆಗೆದ ಮೇಲೆ ಬೇಕಾಗುತ್ತದೆ, ಜೋಪಾನವಾಗಿಟ್ಟುಕೋ.

ಒಲೆಯ ಮುಂದೆ ಮೊಣಕಾಲೂರು. ನಿಂತು ಬಗ್ಗಿದರೆ ಒಳಗಿನ ಕಿರುಜ್ವಾಲೆ ಕಾಣುವುದಿಲ್ಲ. ಆ ಮನೆಯಲ್ಲಿ ಎಲ್ಲರೂ ಅದರ ಮುಂದೆ ಮೊಣಕಾಲೂರಿದವರೇ, ನೀನೊಬ್ಬ ಬಾಕಿ. ಗುಂಡಿಯನ್ನು ಕಿಡಿಯ ಗುರುತಿಗೆ ತಿರುಗಿಸಿ ಒಳಕ್ಕೆ ಒತ್ತಿ ಹಿಡಿ, ಕಿಡಿ ಹಾರಿಸು. ಜ್ವಾಲೆ ಹತ್ತಿದ ಕೂಡಲೇ ಕೈ ಬಿಡಬೇಡ. ಇಪ್ಪತ್ತು ಎಣಿಸು, ಆಮೇಲೆ ಬೆರಳು ಸರಿಸು. ನಿನಗೆ ಯಾವುದನ್ನೂ ಇಪ್ಪತ್ತರವರೆಗೆ ಹಿಡಿದುಕೊಂಡು ಗೊತ್ತಿಲ್ಲ, ಅಭ್ಯಾಸ ಮಾಡಿಕೋ. ಆರಿಹೋದರೆ ಐದು ನಿಮಿಷ ಬಿಟ್ಟು, ಒಳಗೆ ಸೇರಿದ ಗ್ಯಾಸು ಹೋದ ಮೇಲೆ ಇನ್ನೊಮ್ಮೆ. ಎರಡನೇ ಸಲವೂ ಆರಿದರೆ ಛಲ ಬೇಡ, ಗುಂಡಿ ಮುಚ್ಚು, ಮೆಕ್ಯಾನಿಕ್ಕನ್ನು ಕರೆ. ಗ್ಯಾಸಿನ ವಾಸನೆ ಬಂದರೆ ಮಾತ್ರ ಕಿಡಿಯೂ ಬೇಡ, ದೀಪದ ಸ್ವಿಚ್ಚೂ ಬೇಡ. ಕಿಟಕಿ ತೆಗೆದು ಹೊರಗೆ ನಡೆ, ಫೋನು ಬೀದಿಯಿಂದ.

ಒಲೆಯ ಪಕ್ಕದ ಗೋಡೆಗೆ ನಾನೊಂದು ಚೀಟಿ ಅಂಟಿಸಿದ್ದೆ.

ಉರಿಯು ನೀಲಿ, ಕೂರು ಒಳಗೆ;
ಉರಿಯು ಹಳದಿ, ಓಡು ಹೊರಗೆ.

ಬಣ್ಣ ಹೊಡೆಸುವಾಗ ನೀನು ಅದನ್ನು ಕೆರೆದು ಹಾಕಿದೆಯಂತೆ, ಪದ್ಯ ಚೆನ್ನಾಗಿಲ್ಲವೆಂದು. ಒಪ್ಪುತ್ತೇನೆ, ಅರ್ಧ ಸುಳ್ಳು ಕೂಡ. ಉರಿ ನೀಲಿಯಿದ್ದರೂ ಕೋಣೆಗೆ ಗಾಳಿಯಿಲ್ಲದಿದ್ದರೆ ಸಾಯಬಹುದು. ಆದ್ದರಿಂದ ಹೊಸ ಕಿಟಕಿಗಳಿಗೆ ಗಾಳಿಕಿಂಡಿ ಕೂರಿಸಬೇಕು. ಅಂಗಡಿಯವಳೇ ಹೆಂಡತಿ, ರಿಯಾಯಿತಿ ಸಿಕ್ಕೀತು. ಒಲೆ ಉರಿಯುವಾಗ ಅಡುಗೆಮನೆಯ ಫ್ಯಾನ್ ತಿರುಗದಂತೆ ತಂತಿ ಜೋಡಿಸಬೇಕು, ಇಲ್ಲವೇ ಫ್ಯಾನನ್ನೇ ಕಿತ್ತುಹಾಕಬೇಕು. ಶರತ್ಕಾಲದಲ್ಲಿ ಮೊದಲ ಸಲ ಹಚ್ಚುವ ಮುಂಚೆ ಮೆಕ್ಯಾನಿಕ್ ಒಲೆಯನ್ನು ಬಿಚ್ಚಿ ಧೂಳು ತೆಗೆಯಲಿ, ದೇನೆಶ್ ಚಿಮಣಿ ನೋಡಲಿ. ಎರಡೂ ಪ್ರತಿ ವರ್ಷ, ನೀನು ಬೇಡವೆಂದರೂ. ಅದರ ಮೇಲೆ ಕಾಲುಚೀಲ ಒಣಹಾಕಬೇಡ. ಅಲಾರಂ ಮಲಗುವ ಕೋಣೆಯಲ್ಲಿ ತಲೆಯ ಎತ್ತರಕ್ಕೆ ಇರಲಿ, ಪರದೆಯ ಹಿಂದೆ ಬೇಡ, ತಿಂಗಳಿಗೊಮ್ಮೆ ಒತ್ತಿ ನೋಡು. ಅದು ಕಿರುಚಿದರೆ ಕಾರಣ ಕೇಳುತ್ತ ನಿಲ್ಲಬೇಡ, ಹೊರಗೆ ನಡೆ.

ಇದಿಷ್ಟು ಆಗಿ, ನಕ್ಷೆ ಬರೆಸಿ, ಅದಕ್ಕೆ ಮೊಹರು ಬಿದ್ದು, ಪರೀಕ್ಷೆಗೆ ದಿನ ಸಿಕ್ಕಿ ಸೀಲು ತೆಗೆಯುವ ಹೊತ್ತಿಗೆ ಜನವರಿ ಕಳೆಯುತ್ತದೆ ಎಂದು ದೇನೆಶ್ ಹೇಳಿದ. "ಸ್ವಲ್ಪ ಬೇಗ ಮಾಡ್ಸೋಕೆ ನಂಗೆ ಒಬ್ರು ಗೊತ್ತು" ಎಂದೂ ಹೇಳಿದ. ಅವರಿಗೆ ತೊಂದರೆ ಕೊಡಬೇಡವೆಂದೆ.

ಕಿಂಗಾ ಆಸ್ಪತ್ರೆಯಿಂದ ಇವತ್ತು ನೋಯೆಮಿಯ ಮನೆಗೆ ಹೋಗುತ್ತಾಳೆ. ಅಲ್ಲಿ ಒಂದು ಕೋಣೆ ಖಾಲಿಯಿದೆ, ಬಿಸಿನೀರಿನ ಕೊಳವೆಯ ಕಾವಿದೆ, ಉರಿಯೇ ಇಲ್ಲ. ಏರ್ಪಾಟು ನನ್ನದೇ. ಸೀಲು ತೆಗೆಯುವವರೆಗೂ ಅಲ್ಲಿಯೇ ಇರುತ್ತಾಳೆ, ಹೆರಿಗೆಯವರೆಗೆ ಇದ್ದರೂ ನೋಯೆಮಿಗೆ ಅಡ್ಡಿಯಿಲ್ಲ. ನೀನು ಬರುವಂತಿಲ್ಲ. ನೀರಿನ ಕೊಳವೆ ಹೆಪ್ಪುಗಟ್ಟದಂತೆ, ಕೋಳಿಗಳು ಸಾಯದಂತೆ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕಲ್ಲ. ಅಟ್ಟದ ಪೆಟ್ಟಿಗೆಯಲ್ಲಿ ನಿನ್ನಮ್ಮನ ಎರಡು ಹಂಸಗರಿ ಹೊದಿಕೆಗಳಿವೆ. ಒಂದಕ್ಕೆ ನುಸಿ ಬಿದ್ದಿದೆ, ಯಾವುದೆಂದು ಹೇಳುವುದಿಲ್ಲ.

ನಾನೇ ಮಾಡಿಸಿದ್ದು ಇದನ್ನು. ಬೆಳಿಗ್ಗೆ ಎದ್ದು ಬಾಯಿಂದ ಹಬೆ ಬಂದಾಗ, ನೀರಿನ ಲೋಟಕ್ಕೆ ಕೈ ಅಂಟಿದಾಗ, ಪಕ್ಕದಲ್ಲಿ ಯಾರೂ ಇಲ್ಲದಾಗ, ಚಳಿಯನ್ನೂ ಹವಾಮಾನವನ್ನೂ ಬಯ್ಯಬೇಡ. ಅವು ಮುಗ್ಧ. ನನ್ನ ಹೆಸರು ಹಿಡಿದೇ ಬಯ್ಯಿ.

ದೇವರು ನಿನಗೆ ದೀರ್ಘ ಆಯುಸ್ಸು ಕೊಡಲಿ. ವ್ಯಂಗ್ಯವಲ್ಲ, ನೀನು ಬಹಳ ಕಾಲ ಇರಬೇಕು, ನನಗೆ ನೀನು ಇದ್ದೇ ಬೇಕು. ಕಿಂಗಾಳಿಗೆ ಸುಖಪ್ರಸವವಾಗಲಿ. ಅವಳ ಮೇಲೆ ನನಗೆ ಕೋಪವಿತ್ತು, ಒಂಬತ್ತನೇ ದಿನ ಬೆಳಿಗ್ಗೆಯವರೆಗೆ.

ವಿಲ್ಮಾ

ಮರೆತಿದ್ದೆ: ಕಿಂಗಾಳ ವಾಂತಿಯನ್ನು ನೀನು ಅಣಬೆಯ ಮೇಲೆ ಹಾಕಿದೆ. ನನ್ನದನ್ನು ನರಗಳ ಮೇಲೆ ಹಾಕಿದ್ದೆ. ೧೯೯೪ರ ಫೆಬ್ರವರಿಯಲ್ಲಿ ನನ್ನ ಹೊಟ್ಟೆಯಲ್ಲಿದ್ದ ಐದು ತಿಂಗಳಿನದು ಹೋದಾಗ, "ಅವಳ ನರ ದುರ್ಬಲ, ಮಗು ನಿಲ್ಲಲ್ಲ" ಎಂದು ನೀನು ನಿನ್ನಮ್ಮನಿಗೂ ಪಾದ್ರಿಗೂ ಬೀದಿಗೂ ಹೇಳಿದೆ. ಮಾರ್ಚಿನಲ್ಲಿ ದೇನೆಶ್ ಬಂದು ಚಿಮಣಿಯಿಂದ ಅರ್ಧ ಬಕೆಟ್ಟು ಕಾಗೆಗೂಡು ಇಳಿಸಿದ. ಅವನು ನವೆಂಬರಿನಲ್ಲೇ ಬಂದಿದ್ದ. ಅವತ್ತು ಅಂಗಳದಲ್ಲಿ ಹಂದಿ ಕೊಯ್ಯುತ್ತಿದ್ದೆವು. "ಮಾಂಸದ ಮೇಲೆ ಮಸಿ ಬೀಳುತ್ತೆ, ವಸಂತಕ್ಕೆ ಬಾರಪ್ಪ" ಎಂದು ನೀನು ಅವನ ಕೈಗೆ ಒಂದು ಸಾಸೇಜು ಕೊಟ್ಟು ವಾಪಸ್ಸು ಕಳಿಸಿದ್ದೆ. ನೀನು ಹಗಲೆಲ್ಲ ಹೊರಗೆ, ನೋಯೆಮಿ ಅಜ್ಜಿಯ ಕೋಣೆಯಲ್ಲಿ. ಆ ಚಳಿಗಾಲವಿಡೀ ಒಲೆಯ ಪಕ್ಕ ಹೊಲಿಗೆಗೆ ಕೂತವಳು ನಾನೊಬ್ಬಳೇ. ಬಕೆಟ್ಟನ್ನು ಯಾರಿಗೂ ತೋರಿಸಬೇಡವೆಂದು ದೇನೆಶ್‌ನ ಕೈ ಹಿಡಿದು ಕೇಳಿಕೊಂಡೆ, ಇಪ್ಪತ್ತು ವರ್ಷ ಅವನು ಮಾತು ಉಳಿಸಿಕೊಂಡ. ನಿನಗೆ ಹೇಳಲಿಲ್ಲ, ಯಾಕೆಂದರೆ ದಿನಾ ಬೆಳಿಗ್ಗೆ ಅದನ್ನು ಹಚ್ಚುತ್ತಿದ್ದದ್ದು ನನ್ನ ಕೈ. ಈಗ ಹೇಳಿದ್ದೇನೆ, ಅರ್ಧ ನೀನು ಹೊರು.

ಹೊಟ್ಟೆಯಲ್ಲೇ ಹೋದ ಅವನಿಗೆ ನಾನೊಂದು ಹೆಸರು ಇಟ್ಟಿದ್ದೆ. ಅದನ್ನು ಹೇಳುವುದಿಲ್ಲ. ನೀನೂ ಕಿಂಗಾಳೂ ಕೂತು ಹೆಸರು ಹುಡುಕುವಾಗ ಅದು ನಿಮ್ಮ ಬಾಯಿಗೂ ಬರಬಹುದು, ನೀವು ಅದನ್ನೇ ಇಡಲೂಬಹುದು. ಇಟ್ಟರೂ ನಿನಗೆ ಗೊತ್ತಾಗುವುದಿಲ್ಲ.